ಪೆಟ್ಟಿಗೆ ತೆರೆಯುವ ದಿನ

ನಾನು ಹುಟ್ಟಾ ಪುಕ್ಕಲು. ಇದು ನಮ್ಮ ಮನೆಯಲ್ಲಿ ಗುಟ್ಟೇನೂ ಆಗಿರಲಿಲ್ಲ. ತಾತ ಮುಳಬಾಗಿಲಿನಲ್ಲಿ ಪೌರೋಹಿತ್ಯ ಮಾಡಿಕೊಂಡಿದ್ದವರು, ಅಪ್ಪ ನಂಗಲಿಯ ಲಾರಿ ಆಫೀಸೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಇಬ್ಬರೂ ಗಟ್ಟಿ ಗುಂಡಿಗೆಯವರು. ನನಗೆ ಮಾತ್ರ ಹಗ್ಗ ಕಂಡರೂ ಹಾವು. "ಇವಳನ್ನ ಕಟ್ಕೊಳ್ಳೋನು ಮೊದ್ಲು ಒಂದು ಟಾರ್ಚ್ ಇಟ್ಕೊಂಡಿರ್ಬೇಕು ಕಣೇ" ಎಂದು ಅಪ್ಪ ಅಮ್ಮನ ಹತ್ತಿರ ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ, ನಗದಿದ್ದರೆ ಇನ್ನೂ ಜಾಸ್ತಿ ಹೇಳುತ್ತಾರೆಂಬ ಭಯಕ್ಕೆ.

ತೊಂಬತ್ತರ ದಶಕದಲ್ಲಿ ಕೋಲಾರದ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಚಪ್ಪಲಿ ಹೊರಗೆ ಬಿಟ್ಟು, ಗರ್ಭಗುಡಿಗೆ ಹೋಗುವ ಹಾಗೆ ತಲೆ ತಗ್ಗಿಸಿ ಒಳಗೆ ಹೋಗಬೇಕಿತ್ತು. ಧೂಳಾದರೆ ಯಂತ್ರ ಕೆಡುತ್ತದೆ ಅನ್ನುತ್ತಿದ್ದರು. ಮೊದಲ ವಾರವಿಡೀ ಕೀಲಿಗಳನ್ನು ಬೆರಳ ತುದಿಯಿಂದ ಮುಟ್ಟಿ ಮುಟ್ಟಿ ನೋಡಿದೆನೇ ಹೊರತು ಒತ್ತಲಿಲ್ಲ. ಅಲ್ಲಿ ಕಲಿಸಿದ ದೊಡ್ಡ ಭಾಷೆಗಳು ಯಾವುವೂ ತಲೆಗೆ ಹತ್ತಲಿಲ್ಲ. ಕೈಗೆ ಹತ್ತಿದ್ದು ವೆಬ್ ಪುಟ ಮಾಡುವ ಕೆಲಸ ಒಂದೇ. ಅದರಲ್ಲಿ ತಪ್ಪು ಬರೆದರೂ ಪುಟ ಸ್ವಲ್ಪ ಸೊಟ್ಟಗೆ ಕಾಣುತ್ತದೆ, ಅಷ್ಟೆ. ಯಾರಿಗೂ ಏನೂ ಆಗುವುದಿಲ್ಲ. ನನ್ನಂಥವಳಿಗೆ ಹೇಳಿ ಮಾಡಿಸಿದ ವಿದ್ಯೆ ಎಂದುಕೊಂಡೆ.

ಆಮೇಲೆ ಕೋಲಾರದ ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣ ಅಂಗಡಿ ಇಟ್ಟೆ. ಮದುವೆ ಪತ್ರಿಕೆ, ಬೋರ್ಡಿನ ಅಕ್ಷರ, ಯಾರಾದರೂ ಕೇಳಿದರೆ ವೆಬ್ ಪುಟ. ಎರಡು ಸಾವಿರದ ಏಳೆಂಟರ ಸುಮಾರಿಗೆ ಹತ್ತಿರದ ಹಳ್ಳಿ ಹುತ್ತೂರಿನಿಂದ ಹೆಂಗಸೊಬ್ಬರು ಆ ಅಂಗಡಿಗೆ ಬಂದರು, ನಾನು ಅಕ್ಕ ಎಂದೇ ಕರೆದೆ. ನನಗಿಂತ ಹದಿನೈದು ವರ್ಷ ದೊಡ್ಡವರು, ರಾಗಿ, ಹಿಪ್ಪುನೇರಳೆ ಬೆಳೆಯುವ ಮನೆಯವರು. ಊರಲ್ಲಿ ಚಾಕಿ ಕೇಂದ್ರ ಶುರು ಮಾಡಿದ್ದರು. ಅಂದರೆ ರೇಷ್ಮೆ ಮೊಟ್ಟೆ ತಂದು, ಮರಿ ಮಾಡಿಸಿ, ಹುಳ ಸ್ವಲ್ಪ ಗಟ್ಟಿಯಾಗುವ ತನಕ ಸಾಕಿ, ಸುತ್ತಲಿನ ಹಳ್ಳಿಗಳ ರೈತರಿಗೆ ಕೊಡುವ ಜಾಗ. ಮರಿ ಇಲ್ಲಿ ಕೆಟ್ಟರೆ ಅಷ್ಟೂ ಮನೆಗಳ ಬೆಳೆ ಕೆಟ್ಟ ಹಾಗೆ.

ಅವರಿಗೆ ಬೋರ್ಡು ಬೇಕಿರಲಿಲ್ಲ. "ಪೆಟ್ಟಿಗೆ ಯಾವತ್ತು ತೆರೀಬೇಕು ಅಂತ ಕಂಪ್ಯೂಟರ್ರು ಹೇಳ್ತದಾ?" ಎಂದು ಕೇಳಿದರು. ಯಾವ ಪೆಟ್ಟಿಗೆ ಎಂದೆ. ಅಂಗಡಿಯ ಸ್ಟೂಲಿನ ಮೇಲೆ ಕೂತು ಬಿಡಿಸಿ ಹೇಳಿದರು.

ಮೊಟ್ಟೆಯೊಳಗೆ ಹುಳದ ತಲೆ ಕಪ್ಪು ಚುಕ್ಕಿಯಾಗಿ ಕಾಣಿಸಿದೊಡನೆ ಮೊಟ್ಟೆ ಅಂಟಿರುವ ಹಾಳೆಗಳನ್ನು ಕಪ್ಪು ಬಟ್ಟೆ ಹೊದಿಸಿದ ಮರದ ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಾರೆ. ಮುಂದೆ ಹೋದವು ಕತ್ತಲಲ್ಲಿ ಕಾಯುತ್ತವೆ, ಹಿಂದೆ ಬಿದ್ದವು ಬಂದು ಕೂಡಿಕೊಳ್ಳುತ್ತವೆ. ಎರಡು ರಾತ್ರಿ ಕಳೆದ ಮೇಲೆ ನಸುಕಿನಲ್ಲಿ ತೆರೆದರೆ ಬೆಳಕು ಬಿದ್ದದ್ದೇ ಎಲ್ಲವೂ ಒಟ್ಟಿಗೆ ಒಡೆಯುತ್ತವೆ. ಬೇಗ ತೆರೆದರೆ ಇವತ್ತಿಷ್ಟು ನಾಳೆಯಿಷ್ಟು ಒಡೆದು, ಒಂದು ಹುಳ ಸೊಪ್ಪು ತಿನ್ನುವಾಗ ಇನ್ನೊಂದು ಮಲಗಿರುತ್ತದೆ. ಅಂಥ ಹುಳವನ್ನು ಯಾವ ರೈತನೂ ಒಯ್ಯುವುದಿಲ್ಲ. ತಡವಾಗಿ ತೆರೆದರೆ ಕತ್ತಲಲ್ಲೇ ಒಡೆದು, ಸೊಪ್ಪಿಲ್ಲದೆ ಹಸಿದು ಸಾಯುತ್ತವೆ. ನಡುವೆ ಇಣುಕಿ ನೋಡುವಂತಿಲ್ಲ. ಇಣುಕಿದರೆ ಬೆಳಕು ಒಳಗೆ ಹೋಗುತ್ತದೆ, ಮಾಡಿದ್ದೆಲ್ಲ ನೀರುಪಾಲು.

ಪೆಟ್ಟಿಗೆ ಒಂದೇ ಇದ್ದಾಗ ಅಕ್ಕನಿಗೆ ಕಷ್ಟವಿರಲಿಲ್ಲ. ನಾಲ್ಕಾದಾಗ ಯಾವುದನ್ನು ಯಾವತ್ತು ಮುಚ್ಚಿದ್ದು ಎಂಬುದು ಕಲಸಿಹೋಗಿ, ಒಂದನ್ನು ಬಿಟ್ಟು ಇನ್ನೊಂದನ್ನು ತೆರೆದುಬಿಟ್ಟಿದ್ದರು. ಆ ಸಲದ ಹುಳ ಅಷ್ಟೂ ತಿಪ್ಪೆಗೆ ಹೋಯಿತು. ಹಳ್ಳಿಗಳಲ್ಲಿ "ಅವಳ ಕೈ ಆಗ್ಬರಲ್ಲ" ಎಂಬ ಮಾತು ಹುಟ್ಟಿಕೊಂಡಿತ್ತು. "ಇನ್ನೊಂದ್ ಸಲ ಕೆಟ್ರೆ ಯಾರೂ ಬರಲ್ಲಮ್ಮ. ಬಾಗ್ಲು ಹಾಕ್ಕೊಂಡು ಕೂಲಿಗೆ ಹೋಗೋದೇಯ" ಎಂದರು. ಅಳಲಿಲ್ಲ, ಸುಮ್ಮನೆ ಹೇಳಿದರು.

ಆಗುವುದಿಲ್ಲ ಎನ್ನಬೇಕಿತ್ತು. ಇಲ್ಲ ಎನ್ನುವುದಕ್ಕೂ ಧೈರ್ಯ ಬೇಕಲ್ಲ, ಅದಕ್ಕೇ ಒಪ್ಪಿಕೊಂಡೆ.

ಅಕ್ಕನ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು, ವಿಂಡೋಸ್‌ನದು. ಕೇಂದ್ರದಲ್ಲಿ ಇನ್ನೊಂದು, ವೈರಸ್ ಕಾಟ ತಾಳಲಾರದೆ ನೆಂಟರೊಬ್ಬರು ಅದಕ್ಕೆ ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿಕೊಟ್ಟಿದ್ದರು. ಒಂದಕ್ಕೆ ಬರೆದದ್ದು ಇನ್ನೊಂದರಲ್ಲಿ ಓಡುವುದಿಲ್ಲ. ಎರಡು ದೋಣಿಯ ಮೇಲೆ ಕಾಲಿಡಬೇಡ ಎಂಬ ಗಾದೆ ಕೇಳಿಯೇ ಬೆಳೆದವಳು ನಾನು, ಈಗ ಅದೇ ನನ್ನ ಕೆಲಸವಾಯಿತು. ಆ ವರ್ಷಗಳಲ್ಲಿ ಅದಕ್ಕೊಂದು ಉಪಾಯ ಹೊಸದಾಗಿ ಬಂದಿತ್ತು. ಬ್ರೌಸರಿನ ಒಳಗಿನ ಯಂತ್ರವನ್ನಷ್ಟೇ ತೆಗೆದುಕೊಂಡು, ವಿಳಾಸ ಬರೆಯುವ ಪಟ್ಟಿ, ಹಿಂದೆ ಮುಂದೆ ಹೋಗುವ ಗುಂಡಿ ಎಲ್ಲ ಕಳಚಿ, ನಾವು ಬರೆದ ವೆಬ್ ಪುಟವನ್ನು ಅದರಲ್ಲಿ ಕೂರಿಸುವುದು. ಇಂಟರ್ನೆಟ್ ಬೇಡ. ನೋಡುವವರಿಗೆ ಅದು ಪುಟ ಎನ್ನಿಸುವುದೇ ಇಲ್ಲ. ಪರದೆಯ ಮೇಲೆ ತನ್ನದೇ ಚಿತ್ರವಿರುವ ಪ್ರೋಗ್ರಾಮು. ಒಮ್ಮೆ ಬರೆದರೆ ಎರಡೂ ಕಡೆ ಓಡುತ್ತದೆ. ನನಗೆ ಗೊತ್ತಿದ್ದ ಒಂದೇ ವಿದ್ಯೆ ಸಾಕಾಗುವ ಉಪಾಯ.

ಓಡುತ್ತದೆ ಎಂದು ಹೇಳುವುದು ಸುಲಭ. ಬರೆಯುವಾಗ ದಿನಕ್ಕೊಂದು ಹೆದರಿಕೆ. ಚಿತ್ರದ ಫೈಲಿನ ಹೆಸರಲ್ಲಿ ಇಂಗ್ಲಿಷಿನ ಒಂದು ದೊಡ್ಡಕ್ಷರ ಬಿದ್ದರೆ ಮನೆಯ ಕಂಪ್ಯೂಟರ್ ಸುಮ್ಮನಿರುತ್ತಿತ್ತು, ಕೇಂದ್ರದ್ದು ಚಿತ್ರವನ್ನೇ ತೋರಿಸುತ್ತಿರಲಿಲ್ಲ. ಕನ್ನಡ ಅಕ್ಷರಗಳು ಒಂದರಲ್ಲಿ ನೆಟ್ಟಗಿದ್ದರೆ ಇನ್ನೊಂದರಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿರುತ್ತಿತ್ತು. ಕೊನೆಗೆ ಮದುವೆ ಪತ್ರಿಕೆಯ ಅಕ್ಷರಗಳಲ್ಲೇ ಏಳು ವಾರಗಳ ಹೆಸರನ್ನೂ ದಪ್ಪಗೆ ಬರೆದು ಚಿತ್ರ ಮಾಡಿ ಅಂಟಿಸಿದೆ. ಪೆಟ್ಟಿಗೆ ಮುಚ್ಚಿದಾಗ ಅಕ್ಕ ಒಂದು ಗುಂಡಿ ಒತ್ತಬೇಕು. ತೆರೆಯುವ ವಾರ ದೊಡ್ಡದಾಗಿ ಕಾಣುತ್ತದೆ, ಪಕ್ಕದಲ್ಲಿ 'ಬೆಳಿಗ್ಗೆ' ಎಂದಿರುತ್ತದೆ. ಪೆಟ್ಟಿಗೆ ಯಾವತ್ತಿದ್ದರೂ ತೆರೆಯುವುದು ನಸುಕಿನಲ್ಲೇ ಆದ್ದರಿಂದ ಆ ಪದವನ್ನು ಅಲ್ಲೇ ಗಟ್ಟಿ ಮಾಡಿಟ್ಟಿದ್ದೆ. ಬೇರೇನೂ ಕಂಡು ಗಲಿಬಿಲಿಯಾಗದಿರಲಿ ಎಂದು ಪರದೆಯ ಮೂಲೆಯ ಗಡಿಯಾರವನ್ನೂ ಮುಚ್ಚಿಹಾಕಿದ್ದೆ. ಆ ಜಾಣತನಕ್ಕೆ ಆಮೇಲೆ ನನ್ನನ್ನೇ ಶಪಿಸಿಕೊಂಡೆ.

ಕೆಲವು ತಿಂಗಳು ಎಲ್ಲವೂ ಸರಿಯಿತ್ತು. ಅಕ್ಕ ಬೆಳಿಗ್ಗೆ ತಿಂಡಿಯಾದ ಮೇಲೆ ಪೆಟ್ಟಿಗೆ ಮುಚ್ಚುತ್ತಿದ್ದರು, ಕೇಂದ್ರದಲ್ಲಿ ಗುಂಡಿ ಒತ್ತುತ್ತಿದ್ದರು, ಪೆನ್ ಡ್ರೈವನ್ನು ಸೆರಗಿಗೆ ಗಂಟು ಹಾಕಿಕೊಂಡು ಮನೆಗೊಯ್ದು ಅಲ್ಲಿಯ ಕಂಪ್ಯೂಟರಿಗೂ ಹಾಕುತ್ತಿದ್ದರು. ಎರಡೂ ಒಂದೇ ವಾರ ಹೇಳುತ್ತಿದ್ದವು. ಹುಳ ಚೆನ್ನಾಗಿ ಬಂತು. ಬಿಟ್ಟು ಹೋಗಿದ್ದ ಹಳ್ಳಿಯವರು ಒಬ್ಬೊಬ್ಬರಾಗಿ ತಿರುಗಿ ಬಂದರು.

ಒಂದು ಮಂಗಳವಾರ ಮಧ್ಯಾಹ್ನ ಅಂಗಡಿಗೆ ಅಕ್ಕನ ಫೋನು ಬಂತು.

"ಏನಮ್ಮಾ, ಮನೇದು ಗುರುವಾರ ತೆರಿ ಅಂತದೆ, ಕೇಂದ್ರದ್ದು ಬುಧವಾರ ತೆರಿ ಅಂತದೆ. ಯಾವ್ದು ನಿಜ?"

ಬರೆದ ಪ್ರೋಗ್ರಾಮು ಒಂದೇ, ಪೆಟ್ಟಿಗೆ ಒಂದೇ, ಉತ್ತರ ಮಾತ್ರ ಎರಡು. ಪೆಟ್ಟಿಗೆಯನ್ನು ಯಾವಾಗ ಮುಚ್ಚಿದಿರಿ ಎಂದು ಕೇಳಿದೆ.

"ಸೋಮವಾರ ರಾತ್ರಿ. ಕೋಳಿ ಕೂಗಿದ್ಮೇಲೆ ಎದ್ದು ನೋಡಿದ್ರೆ ಚುಕ್ಕಿ ಬಂದ್ಬಿಟ್ಟಿತ್ತು. ಈ ಸಲ ಬಿಸಿಲು ಜಾಸ್ತಿ ನೋಡು, ಬೇಗ ಬಂದವೆ. ಆಗ್ಲೇ ಮುಚ್ಚಿ ಗುಂಡಿ ಒತ್ತಿದೆ."

ಸೋಮವಾರ ಮುಚ್ಚಿದ್ದಾದರೆ ಎರಡು ರಾತ್ರಿ ಕಳೆದು ಬುಧವಾರ. ಕೇಂದ್ರದ ಕಂಪ್ಯೂಟರಿನಲ್ಲೂ ಮುಚ್ಚಿದ್ದು ಸೋಮವಾರ ಎಂದೇ ಇದೆಯೆಂದು ಅಕ್ಕ ಹೇಳಿದರು. ಸಂಶಯಕ್ಕೆ ಎಡೆಯೆಲ್ಲಿ? "ಹಾಗಾದ್ರೆ ಕೇಂದ್ರದ್ದೇ ಸರಿ ಅಕ್ಕ. ನಾಳೆ ಬೆಳಿಗ್ಗೆ ತೆರೀರಿ" ಎಂದು ಫೋನಿಟ್ಟೆ.

ಇಟ್ಟೆ, ಆದರೆ ಭಯ ಹೋಗಲಿಲ್ಲ. ಉತ್ತರ ಸಿಕ್ಕ ಮೇಲೂ ಹೋಗದ ಭಯವನ್ನು ನಾನು ಯಾವತ್ತೂ ನಂಬುತ್ತಿರಲಿಲ್ಲ. ಅದು ನನ್ನ ರೋಗ ಎಂದು ಮನೆಯವರು ಹೇಳಿ ಹೇಳಿ ನನಗೂ ಹಾಗೇ ಅನ್ನಿಸಿತ್ತು. ಸಂಜೆ ಕಾಫಿ ಲೋಟ ತುಟಿಗಿಡುವಾಗ ಅಕ್ಕನ ಮಾತು ಇನ್ನೊಮ್ಮೆ ಕಿವಿಯಲ್ಲಿ ಕೇಳಿಸಿತು. ಕೋಳಿ ಕೂಗಿದ ಮೇಲೆ.

ಸೋಮವಾರ ರಾತ್ರಿ ಕೋಳಿ ಕೂಗಿದ ಮೇಲೆ ಅಂದರೆ ಅದು ಮಂಗಳವಾರದ ಬೆಳಗಿನ ಜಾವ. ಆದರೆ ಅಕ್ಕನಿಗೆ, ಹೊಸ್ತಿಲು ತೊಳೆದು ರಂಗೋಲಿ ಬಿಡುವ ತನಕ ಅದು ಸೋಮವಾರದ ರಾತ್ರಿಯೇ. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ನಾನೇ ಬೆಳಗಿನ ಜಾವ ಹುಟ್ಟಿದವಳು. ಸೂರ್ಯೋದಯಕ್ಕೆ ಮುಂಚೆ ಎಂದು ತಾತ ಜಾತಕದಲ್ಲಿ ಶುಕ್ರವಾರ ಬರೆದರು, ಶಾಲೆಯಲ್ಲಿ ಶನಿವಾರವಾಯಿತು. ಎರಡು ಹುಟ್ಟಿದ ದಿನ ಇಟ್ಟುಕೊಂಡು ಬೆಳೆದವಳು ಫೋನಿನಲ್ಲಿ ಅದನ್ನೇ ಮರೆತಿದ್ದೆ.

ಮಂಗಳವಾರ ನಸುಕಿನಲ್ಲಿ ಮುಚ್ಚಿದ ಪೆಟ್ಟಿಗೆಯನ್ನು ಬುಧವಾರ ನಸುಕಿನಲ್ಲಿ ತೆರೆದರೆ ಒಂದೇ ರಾತ್ರಿಯ ಕತ್ತಲು. ಅರ್ಧಕ್ಕರ್ಧ ಒಡೆಯುವುದಿಲ್ಲ. ಅಕ್ಕನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಹುಳದ ಮನೆಗೆ ಹೋಗುವಾಗ ಅವರು ಫೋನನ್ನು ಮನೆಯ ಗೋಡೆಗೂಡಿನಲ್ಲೇ ಬಿಟ್ಟು ಹೋಗುತ್ತಾರೆ. ಮತ್ತೆ ಮಾಡಿದೆ, ಮತ್ತೆ ಮತ್ತೆ ಮಾಡಿದೆ. ಅಂಗಡಿಗೆ ಬೀಗ ಜಡಿದು, ಅಮ್ಮನಿಗೆ ಒಂದು ಮಾತು ಹೇಳಿ, ಹುತ್ತೂರಿನ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಜನ ಟೊಮೆಟೊ ರೇಟು ಮಾತಾಡುತ್ತಿದ್ದರು. ಒಂದೊಂದು ಸ್ಟಾಪಿನಲ್ಲೂ ಡ್ರೈವರು ಯಾರಿಗೋ ಕಾಯುತ್ತಿದ್ದ. ಇಳಿದು ಓಡಿಬಿಡಲೇ ಅನ್ನಿಸುತ್ತಿತ್ತು, ಓಡಿದರೆ ಮುಂಚೆ ಮುಟ್ಟುವವಳ ಹಾಗೆ.

ದೀಪ ಹಚ್ಚುವ ಹೊತ್ತಿಗೆ ಕೇಂದ್ರದ ಬಾಗಿಲಲ್ಲಿದ್ದೆ. ಅಕ್ಕ ನನ್ನನ್ನು ನೋಡಿ, "ಅಯ್ಯೋ, ಏನಾಯ್ತಮ್ಮ? ಯಾರಾದ್ರೂ ಹೋಗ್ಬಿಟ್ರಾ?" ಎಂದರು. ನನ್ನ ಮುಡಿಯಲ್ಲಿದ್ದ ಮಲ್ಲಿಗೆಯನ್ನು ಅವರೇ ತೆಗೆದು ಹೊರಗಿಟ್ಟರು, ವಾಸನೆ ಹುಳಕ್ಕಾಗದು. ಸೋಂಕು ತಡೆಯುವ ಪುಡಿ ಕದಡಿದ ನೀರಿನಲ್ಲಿ ಕಾಲು ತೊಳೆಸಿ ಒಳಗೆ ಕರೆದುಕೊಂಡರು.

"ತೆರೆಯಬೇಡಿ" ಎಂದೆ. ಅಷ್ಟೇ ಹೇಳಲಾದದ್ದು.

ಮೊದಲು ಕಂಪ್ಯೂಟರಿನ ಗಡಿಯಾರ ನೋಡಿದೆ. ಗೋಡೆಯ ಗಡಿಯಾರದಲ್ಲಿ ಸಂಜೆ, ಇದರಲ್ಲಿ ಇನ್ನೂ ಮಧ್ಯಾಹ್ನ. ಲಿನಕ್ಸ್ ಹಾಕಿದವರು ಯಾವ ದೇಶದ ಸಮಯ ಎಂಬುದನ್ನು ತುಂಬದೆ ಹಾಗೇ ಬಿಟ್ಟಿದ್ದರು. ಅದು ಇಂಗ್ಲೆಂಡಿನ ಗ್ರೀನಿಚ್ ಸಮಯದಲ್ಲೇ ನಡೆಯುತ್ತಿತ್ತು, ನಮಗಿಂತ ಐದೂವರೆ ಗಂಟೆ ಹಿಂದೆ. ಪೆನ್ ಡ್ರೈವಿನಲ್ಲಿ ಹೋಗುತ್ತಿದ್ದುದು ಗುಂಡಿ ಒತ್ತಿದ ಕ್ಷಣ ಮಾತ್ರ, ಅದು ಯಾವ ವಾರವೆಂದು ಒಂದೊಂದು ಕಂಪ್ಯೂಟರೂ ತನ್ನ ಸಮಯಕ್ಕೆ ತಕ್ಕಂತೆ ಲೆಕ್ಕ ಹಾಕುತ್ತಿತ್ತು. ಅಕ್ಕ ಬೆಳಿಗ್ಗೆ ತಿಂಡಿಯ ಮೇಲೆ ಗುಂಡಿ ಒತ್ತುತ್ತಿದ್ದಾಗ ಅಲ್ಲೂ ಇಲ್ಲೂ ವಾರ ಒಂದೇ ಇರುತ್ತಿತ್ತು, ಹಾಗಾಗಿ ತಪ್ಪು ಕಾಣಲಿಲ್ಲ. ಈ ಸಲ ನಸುಕಿನಲ್ಲಿ ಒತ್ತಿದಾಗ ಗ್ರೀನಿಚ್ಚಿನಲ್ಲಿ ಇನ್ನೂ ಸೋಮವಾರ ರಾತ್ರಿ. ಅಕ್ಕನಿಗೂ ಅದು ಸೋಮವಾರ ರಾತ್ರಿ. ತಪ್ಪಿದ ಕಂಪ್ಯೂಟರು ಅಕ್ಕನ ಬಾಯಿಮಾತಿಗೆ ಸರಿಯಾಗಿ ತಾಳೆಯಾಗಿ, ಸರಿಯಿದ್ದ ಮನೆಯ ಕಂಪ್ಯೂಟರೇ ಸುಳ್ಳನಂತೆ ಕಂಡಿತ್ತು.

ಇಷ್ಟನ್ನು ಅಕ್ಕನಿಗೆ ಬಿಡಿಸಿ ಹೇಳಿದೆ. ಅಕ್ಕ ಪೆಟ್ಟಿಗೆಯ ಮೇಲಿನ ಕಪ್ಪು ಬಟ್ಟೆಯನ್ನು ಎಳೆದು ಸರಿಮಾಡಿದರು.

"ಆ ರಾತ್ರೀಲಿ ಕತ್ಲು ಸ್ವಲ್ಪಾನೇ ಉಳಿದಿತ್ತು, ನಿಜ" ಎಂದರು. "ಅದನ್ನ ಒಂದು ರಾತ್ರಿ ಅಂತ ಲೆಕ್ಕ ಹಿಡಿಯೋಕಾಗಲ್ಲ. ಆದ್ರೆ ಇವು ಬೇಗ ಬಂದಿರೋ ಮೊಟ್ಟೆ. ಬೇಗ ಒಡೆದ್ರೆ? ಗುರುವಾರದ ಗಂಟ ಒಳಗೆ ಸತ್ತು ಬಿದ್ದಿದ್ರೆ?"

ಗಡಿಯಾರ ಯಾಕೆ ತಪ್ಪಿತೆಂದು ನಾನು ಹೇಳಬಲ್ಲೆ, ಮೊಟ್ಟೆಯೊಳಗೆ ಏನಾಗುತ್ತಿದೆ ಎಂದಲ್ಲ. ವೆಬ್ ಪುಟ ಸೊಟ್ಟಗಾದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಈ ಕೆಲಸ ಹಿಡಿದವಳು ನಾನು.

"ನೀನು ಹೇಳಮ್ಮ. ತೆರೆಯೋದಾ, ಬೇಡ್ವಾ?"

"ಬೇಡ ಅಕ್ಕ. ಗುರುವಾರ" ಎಂದೆ.

ಬುಧವಾರ ನಸುಕು ಬಂತು, ಹೋಯಿತು. ಪೆಟ್ಟಿಗೆ ಮುಚ್ಚಿಯೇ ಇತ್ತು. ಆ ಹಗಲನ್ನು ನಾನು ಯಾವತ್ತೂ ಮರೆಯಲಾರೆ. ಕೈ ಸುಮ್ಮನಿದ್ದರೆ ನಡುಗುತ್ತದೆಂದು ಕಂಪ್ಯೂಟರಿನ ಮುಂದೆ ಕೂತೆ. ಗ್ರೀನಿಚ್ ತೆಗೆದು ಭಾರತದ ಸಮಯ ಹಾಕಿದೆ. ಪ್ರೋಗ್ರಾಮನ್ನು ತಿದ್ದಿ, ಗುಂಡಿ ಒತ್ತಿದೊಡನೆ 'ಸೂರ್ಯ ಹುಟ್ಟುವ ಮುಂಚೆಯೋ, ಆಮೇಲೋ?' ಎಂದು ಕೇಳುವ ಹಾಗೆ ಮಾಡಿದೆ. ಎರಡೂ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದೆ. ಮೊದಲೇ ಮಾಡಬೇಕಾದದ್ದನ್ನು ಮಾಡಿ ಮುಗಿಸಿದರೂ ಒಂದಿಷ್ಟೂ ಸಮಾಧಾನವಾಗಲಿಲ್ಲ. ಕಟ್ಟಿಗೆ ಹೊತ್ತುಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ಕಿಟಕಿಯಿಂದ, "ಏನಕ್ಕಾ, ಒಡೆದವಾ?" ಎಂದು ಕೇಳಿದಳು. "ನಾಳೆ" ಎಂದರು ಅಕ್ಕ. ಆಕೆ ತಲೆಯ ಹೊರೆ ಸರಿಮಾಡಿಕೊಂಡು ಹೊರಟಳು. ಸಂಜೆಯೊಳಗೆ ಒಂದು ದಿನ ತಡವಾಯಿತೆಂಬ ಸುದ್ದಿ ಊರಲ್ಲೆಲ್ಲ ಹರಡುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಅಕ್ಕ ಮಾತ್ರ ಸೊಪ್ಪಿನ ಚೀಲ ಒದ್ದೆ ಮಾಡುವುದು, ತಟ್ಟೆ ಒರೆಸುವುದು, ಎಂದಿನಂತೆಯೇ ಓಡಾಡಿಕೊಂಡಿದ್ದರು. ನನ್ನ ಮುಂದೆ ಮುದ್ದೆ ಇಟ್ಟು, "ಏಂ ಕಾದು, ತಿನ್ನು" ಎಂದರು. ಏನೂ ಆಗುವುದಿಲ್ಲ ಎಂಬ ಆ ತೆಲುಗಿನ ಮಾತನ್ನು ಅಪ್ಪನೂ ಹೇಳುತ್ತಿದ್ದರು. ಇವರಿಗೂ ಅವರ ಹಾಗೆ ಗಟ್ಟಿ ಗುಂಡಿಗೆ, ನನ್ನ ಪಾಡೇ ಬೇರೆ ಎಂದುಕೊಂಡೆ. ಆಗಾಗ ಪೆಟ್ಟಿಗೆಯ ಹತ್ತಿರ ಹೋಗಿ ಕಿವಿ ಇಟ್ಟೆ. ಒಳಗಿಂದ ಏನು ತಾನೇ ಕೇಳೀತು?

ಗುರುವಾರ ಇನ್ನೂ ಮಬ್ಬಿರುವಾಗ ಅಕ್ಕ ಸ್ನಾನ ಮಾಡಿ ಬಂದು, ದೇವರಿಗೆ ಕೈ ಮುಗಿದು, ಕಿಟಕಿಯ ಪರದೆ ಸರಿಸಿ, ಪೆಟ್ಟಿಗೆ ತೆರೆದರು. ಹಾಳೆಗಳನ್ನು ಒಂದೊಂದಾಗಿ ತೆಗೆದು ತಟ್ಟೆಯ ಮೇಲಿಟ್ಟರು. ನನಗೆ ನೋಡುವ ಧೈರ್ಯವಿಲ್ಲ, ನೋಡದಿರುವ ಧೈರ್ಯವೂ ಇಲ್ಲ. ಮೊಟ್ಟೆಗಳು ನೀಲಿಗೆ ತಿರುಗಿದ್ದವು. ಅಲ್ಲೊಂದು ಇಲ್ಲೊಂದು ಹುಳ ಮುಂಚೆಯೇ ಹೊರಗೆ ಬಂದು ಅಲುಗುತ್ತಿತ್ತು. ಮಿಕ್ಕವು ಹಾಗೇ ಇದ್ದವು.

ಏನೂ ಆಗಲಿಲ್ಲ. ಬೆಳಕು ಏರುತ್ತಿತ್ತು. ಕೆಟ್ಟಿತು, ನಾನೇ ಕೆಡಿಸಿದೆ, ಈ ಹೆಂಗಸಿನ ಬಾಗಿಲು ನನ್ನಿಂದ ಮುಚ್ಚಿತು ಎಂದು ಮನಸ್ಸಿನಲ್ಲಿ ಅದೊಂದೇ ಸುತ್ತುತ್ತಿತ್ತು.

ಕಿಟಕಿಯಿಂದ ಬೆಳಕು ನೇರ ಹಾಳೆಯ ಮೇಲೆ ಬಿದ್ದಾಗ ಒಂದು ಮೂಲೆ ಸರಿದಂತಾಯಿತು. ಕಣ್ಣು ಮಂಜಾಯಿತೇನೋ ಎಂದು ಉಜ್ಜಿಕೊಂಡೆ. ಆಮೇಲೆ ಪಕ್ಕದ ಮೂಲೆ. ನೋಡನೋಡುತ್ತಿದ್ದಂತೆ ಹಾಳೆಯಿಡೀ ಕಪ್ಪಾಯಿತು, ಕೂದಲ ಚೂರಿನಂಥ ಹುಳಗಳು ಸಾವಿರ ಸಾವಿರ, ಎಲ್ಲವೂ ಒಟ್ಟಿಗೆ, ತಲೆ ಎತ್ತಿ ಸೊಪ್ಪು ಹುಡುಕುತ್ತಿದ್ದವು. ಎರಡನೆಯ ಹಾಳೆ, ಮೂರನೆಯದು. ಉಳಿದ ಖಾಲಿ ಚಿಪ್ಪುಗಳು ಬೆಳ್ಳಗೆ ಕಾಣುತ್ತಿದ್ದವು.

ಅಕ್ಕ ಸೊಪ್ಪು ಹೆಚ್ಚಲು ಚಾಕು ತೆಗೆದುಕೊಂಡರು. ಅದು ಹಲಗೆಗೆ ಬಡಿದು ಟಕಟಕ ಸದ್ದು ಮಾಡಿತು. ಆಗ ನೋಡಿದೆ, ಅವರ ಕೈ ನನ್ನ ಕೈಗಿಂತ ಜೋರಾಗಿ ನಡುಗುತ್ತಿತ್ತು. ಚಾಕು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಕಂಪ್ಯೂಟರ್ರು ಗುರುವಾರ ಅಂತು ಅಂತ ನಾನು ಮುಚ್ಚಿಟ್ಟೆ ಅಂದ್ಕೊಂಡ್ಯಾ?" ಎಂದರು. "ಅದು ಬುಧವಾರ ಅಂದಾಗ್ಲೂ ಇಷ್ಟೇ ದಪ್ಪ ಅಕ್ಷರದಾಗೆ ಹೇಳ್ತು. ಅದಕ್ಕೇನು, ಭಯವಾ ಭೀತಿಯಾ. ನೀನು ಬಸ್ಸಿಳಿದು ಬಂದು ನಿಂತ್ಕೊಂಡಾಗ ನಿನ್ ಮುಖ ನೋಡ್ದೆ ಕಣಮ್ಮ. ನನ್ ಹುಳಕ್ಕೆ ಇಷ್ಟು ಹೆದರ್ಕೊಳ್ಳೋರು ನಾನೊಬ್ಳೇ ಅಂದ್ಕೊಂಡಿದ್ದೆ. ಇನ್ನೊಬ್ಳು ಇದಾಳಲ್ಲ, ಇವಳ ಮಾತು ಕೇಳಾಣ ಅನ್ನಿಸ್ತು."

ನನಗೆ ಅಳು ಬಂತು. ಹುಟ್ಟಿದಾಗಿನಿಂದ ಎಲ್ಲರ ನಗೆಗೆ ಒದಗಿದ ನನ್ನ ಭಯ ಒಬ್ಬರ ಕೆಲಸಕ್ಕೆ ಬಂದದ್ದು ಅದೇ ಮೊದಲು. ಅಕ್ಕ ಸೆರಗಿನಿಂದ ತಮ್ಮ ಕಣ್ಣು ಒರೆಸಿಕೊಂಡು ಎದ್ದರು.

"ಅಳ್ತಾ ಕೂತ್ರೆ ಸೊಪ್ಪು ಯಾರು ಹೆಚ್ತಾರೆ? ಹಸ್ಕೊಂಡವೆ. ಕೈ ತೊಳ್ಕೊಂಡು ಬಾ."

ಕೈ ತೊಳೆದುಕೊಂಡು ಹೋದೆ.